ಹಡಗಿನಲ್ಲಿ ಕುರಿ ಇದ್ದವೇ

ಪ್ರೊಜೆಕ್ಟರಿನಿಂದ ಗೋಡೆಯ ತುಂಬ ಒಂದು ಹಡಗು ಬಿಟ್ಟಿದ್ದೆ. ಇಂಗ್ಲೆಂಡಿನಿಂದ ಅಮೆರಿಕದ ದಡಕ್ಕೆ ಹೋದ ಮೊದಲ ವಲಸಿಗರ ಪಾಠ. ಗಡಿಯಾಚೆಯ ಕಲ್ಯಾಣದುರ್ಗದ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ನನ್ನ ಮೊದಲ ದಿನ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ತೆಲುಗಿನಲ್ಲಿ ಏನೋ ಕೇಳಿದಳು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ನನ್ನ ಪೆಚ್ಚು ಮೋರೆ ನೋಡಿ ಅವಳೇ ಕನ್ನಡಕ್ಕೆ ಹೊರಳಿದಳು. "ಆ ಹಡಗ್ನಾಗೆ ಕುರಿ ಇದ್ವಾ ಮೇಡಂ?"

ನಮ್ಮ ಮಂಡ್ಯದ ಮಕ್ಕಳು ಈ ಪಾಠದಲ್ಲಿ ಕೇಳುತ್ತಿದ್ದುದು ಒಂದೇ: ಇದು ಪರೀಕ್ಷೆಗೆ ಬರುತ್ತಾ ಅಂತ. ಕುರಿಯ ವಿಷಯ ನನಗೇನು ಗೊತ್ತು? ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ.

ಗಂಡನಿಗೆ ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಸಿಕ್ಕಿತೆಂದು ಮಂಡ್ಯ ಬಿಟ್ಟು ಬಂದವರು ನಾವು. ಹಿಂದೂಪುರ ಅಷ್ಟು ಕಷ್ಟವಾಗಲಿಲ್ಲ, ಸೊಪ್ಪಿನವಳ ಹತ್ತಿರವೂ ಕನ್ನಡದಲ್ಲೇ ಚೌಕಾಸಿ ಮಾಡಬಹುದು. ಆದರೆ ಅಲ್ಲಿನ ಶಾಲೆಯಲ್ಲಿ ಜಾಗವಿರಲಿಲ್ಲ. ಅದೇ ಆಡಳಿತದವರ ಕಲ್ಯಾಣದುರ್ಗದ ಶಾಲೆಗೆ ನನ್ನನ್ನು ಹಾಕಿದರು. ಸೋಮವಾರದ ಬಸ್ಸಿಗೆ ಬಂದರೆ ಶನಿವಾರ ಸಂಜೆಯ ತನಕ ಬಾಡಿಗೆಯ ಒಂಟಿ ಕೋಣೆ. ಐದು ವರ್ಷದ ಮಗಳು ಚಿನ್ನಿ ದಿನವೂ ಫೋನಿನಲ್ಲಿ ಇವತ್ತು ಶನಿವಾರಾನಾ ಎಂದು ಕೇಳುವಳು. ಮೊದಲ ವಾರದಿಂದಲೇ ವರ್ಗಕ್ಕಾಗಿ ಆಡಳಿತದವರ ಜೀವ ತಿನ್ನತೊಡಗಿದೆ.

ಮಂಡ್ಯದಲ್ಲಿ ನಾಲೆ, ಕಬ್ಬು. ಇಲ್ಲಿ ಕಣ್ಣು ಹಾಯುವವರೆಗೂ ಕಡಲೆಕಾಯಿ ಹೊಲ, ಕಲ್ಲುಗುಡ್ಡ. ನಮ್ಮ ಕಡಲೆಪುರಿಯನ್ನು ಇವರು ನೆನೆಸಿ, ಒಗ್ಗರಣೆ ಹಾಕಿ, ಉಗ್ಗಾನಿ ಎನ್ನುತ್ತಾರೆ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮೊದಲ ಸಲ ತಿಂದು ಕಣ್ಣು ಮೂಗೆಲ್ಲ ಸುರಿಸಿಕೊಂಡೆ. ಪುಣ್ಯಕ್ಕೆ ಮುದ್ದೆ ಎರಡೂ ಕಡೆ ಮುದ್ದೆಯೇ. ಮನೆಯೊಡತಿ ನಾನು ಮುದ್ದೆ ಕಟ್ಟುವುದನ್ನು ನೋಡಿದ ಮೇಲೆಯೇ ನನ್ನನ್ನು ಮನುಷ್ಯಳೆಂದು ಒಪ್ಪಿಕೊಂಡದ್ದು.

ಪಾಠ ರುಚಿಸಲೆಂದು ನಾನೇ ಒಂದು ಕಥೆ ಬರೆದು, ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ, ಗೋಡೆಯ ಮೇಲೆ ಹಳೆಯ ನಕಾಶೆ ಬಿಟ್ಟು ಕೇಳಿಸಿದೆ. ಹಡಗಿನಿಂದ ಒಬ್ಬ ಹುಡುಗಿ ಇಳಿಯುತ್ತಾಳೆ, ಅವಳಪ್ಪ ಮರ ಕಡಿದು, ಬೇಲಿ ಹಾಕಿ, ಮನೆ ಕಟ್ಟುತ್ತಾನೆ. ಬಹಳ ಚೆನ್ನಾಗಿದೆ ಎಂದು ಬೀಗುತ್ತಿದ್ದೆ. ಕುರಿಯ ಹುಡುಗಿ ಮತ್ತೆ ಎದ್ದಳು. ಹೆಸರು ಅಂಜಿನಮ್ಮ, ಸೆಟ್ಟೂರಿನ ಕಡೆಯವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು.

"ಬೇಲಿ ಹಾಕೋಕೆ ಮುಂಚೆ ಯಾರ್ನ ಕೇಳಿದ್ರು ಮೇಡಂ?"

ಅಂಜಿನಮ್ಮನ ಅಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುವವನು. ರಾತ್ರಿ ಯಾರದೋ ಹೊಲದಲ್ಲಿ ಮಂದೆ ಹಾಕುತ್ತಾನೆ. ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು. "ನಮ್ಮಪ್ಪ ಕೇಳ್ದೆ ಮಂದೆ ಇಳ್ಸಲ್ಲ. ಎಬ್ಬಿಸ್ಕಂಡು ಹೋಗೋವಾಗ್ಲೂ ಹೇಳೇ ಹೋಗೋದು" ಎಂದಳು. ನನ್ನ ಕಥೆಯ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಕಥೆ ಮಕ್ಕಳ ಕೈಗೆ ಹೋಯಿತು. ಆ ನೆಲದ ಮೂಲ ಜನ ಯಾವ ನದಿಗೆ ಏನು ಹೆಸರಿಟ್ಟಿದ್ದರೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿ ನಕಾಶೆಯ ಮೇಲೆ ಬರೆದರು. ಬಂದವರು ಕುರಿ ದನ ತಂದದ್ದೂ ತಿಳಿಯಿತು. ಕೆಲವರು ಕೇಳಿಯೇ ನೆಲೆಸಿದ್ದರು, ಒಪ್ಪಂದವೂ ಆಗಿತ್ತು. ಬೇಲಿ ಮಾತ್ರ ಮುಂದೆ ಸರಿಯುತ್ತಲೇ ಹೋಯಿತು. ಹಡಗಿನವಳ ಎದುರು ದಡದಲ್ಲಿ ಆ ನೆಲದ ಒಬ್ಬ ಹುಡುಗಿಯನ್ನು ನಿಲ್ಲಿಸಿದರು. ಬೇವಿನ ಮರದಡಿ ಕೂತು ಅವಳ ಭಾಗವನ್ನು ತೆಲುಗಿನಲ್ಲೊಮ್ಮೆ, ನನಗೋಸ್ಕರ ಕನ್ನಡದಲ್ಲೊಮ್ಮೆ ರೆಕಾರ್ಡ್ ಮಾಡಿದರು. ದನಿ ಅಂಜಿನಮ್ಮನದು. ದಡದ ಹುಡುಗಿ ಮೊದಲ ಮಾತಿನಲ್ಲೇ ಸಿಟ್ಟಾಗಬೇಕು ಎಂದೆ ನಾನು. ಅಂಜಿನಮ್ಮ ಒಪ್ಪಲಿಲ್ಲ. ಬಂದವರನ್ನು ಮೊದಲು ಊರು ಕೇಳಬೇಕು, ಊಟ ಕೇಳಬೇಕು, ಬೇಲಿಯ ಜಗಳ ಆಮೇಲೆ ಎಂದಳು.

ಅಷ್ಟರಲ್ಲಿ ವರ್ಗ ಬಂತು. ಸೋಮವಾರವೇ ಹಿಂದೂಪುರದ ಶಾಲೆಗೆ. ಕುಣಿಯುವಷ್ಟು ಖುಷಿಯಾಯಿತು, ಮಕ್ಕಳಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಶನಿವಾರ ಎಂದಿನಂತೆ ಬಸ್ಸು ಹತ್ತಿಬಿಡೋಣ ಎಂದುಕೊಂಡಿದ್ದೆ. ಕೊನೆಯ ಪೀರಿಯಡ್ಡಿನಲ್ಲಿ ಅಂಜಿನಮ್ಮ ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು. ಸುದ್ದಿ ಮುಟ್ಟಿತ್ತೆಂದು ತೋರುತ್ತದೆ. ಮಂದೆ ಎಬ್ಬಿಸುವಾಗಲೂ ಹೇಳಿಯೇ ಹೋಗುವ ಅವಳಪ್ಪನ ನೆನಪಾಯಿತು. ಡಸ್ಟರ್ ಕೆಳಗಿಟ್ಟು, ನನ್ನ ಹರಕುಮುರಕು ತೆಲುಗಿನಲ್ಲಿ, ಹಿಂದೂಪುರದಲ್ಲಿ ಮಗಳಿದ್ದಾಳೆ, ನಾನು ಹೋಗಲೇ ಎಂದು ತರಗತಿಯನ್ನು ಕೇಳಿದೆ.

ಯಾರೂ ನನ್ನ ತೆಲುಗಿಗೆ ನಗಲಿಲ್ಲ. ಅಂಜಿನಮ್ಮ ಎದ್ದು ನಿಂತಳು. "ಪಾಪು ಕಾಯ್ತಾ ಐತಲ್ಲ ಮೇಡಂ. ಕೇಳಿದ್ರಲ್ಲ, ಅಷ್ಟು ಸಾಕು. ಹೋಗ್ಬನ್ನಿ." ನಾನು ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಕೊಂಡು ಅತ್ತೆ.

ಈಗ ದಿನವೂ ಚಿನ್ನಿ ನನ್ನ ಪಕ್ಕದಲ್ಲೇ. ಆದರೂ ಸೋಮವಾರ ಬೆಳಿಗ್ಗೆ ಕಾಲು ಬಸ್ ಸ್ಟ್ಯಾಂಡಿನ ಕಡೆ ಎಳೆಯುತ್ತದೆ. ಮೊನ್ನೆ ಹಿಂದೂಪುರದ ಮಕ್ಕಳಿಗೆಂದು ಆ ರೆಕಾರ್ಡಿಂಗ್ ತೆಗೆದಾಗ ಚಿನ್ನಿ ಯಾರಮ್ಮ ಇವಳು ಎಂದಳು. ನಮ್ಮೂರ ಹುಡುಗಿ ಎಂದುಬಿಟ್ಟೆ. ಮಂಡ್ಯದೋಳಾ ಎಂದಳು. ಅಲ್ಲ. ಹಿಂದೂಪುರದೋಳಾ? ಅಲ್ಲ. ಮತ್ತೆ ನಮ್ಮೂರು ಅಂದ್ಯಲ್ಲ ಎಂದು ಹುಬ್ಬು ಗಂಟಿಕ್ಕಿದಳು. ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದೆ. ಬೇವಿನ ಮರದಡಿಯಿಂದ ಅಂಜಿನಮ್ಮ ಹಡಗಿಳಿದವಳನ್ನು ಕೇಳುತ್ತಿದ್ದಳು: "ಯಾವೂರಮ್ಮ ನಿಮ್ದು? ಊಟ ಆಯ್ತಾ?"