ಗೂಗಲಿಗೆ ಕಾಣದ ಪುಟ

ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರು ಒಂದು ವಾರಪತ್ರಿಕೆಯ ಪುಟ್ಟ ಕಚೇರಿ. ಮುಂಡಗೋಡ ಕಡೆಯ ತಾಂಡಾದಿಂದ ಬಂದ ನೀಲಾ ಅಲ್ಲಿ ಹನ್ನೊಂದು ವರ್ಷದಿಂದ ಸುದ್ದಿ ಟೈಪ್ ಮಾಡುತ್ತಾಳೆ, ಅದನ್ನೇ ವೆಬ್‌ಸೈಟಿಗೂ ಏರಿಸುತ್ತಾಳೆ. ಸುದ್ದಿಯ ಪಾಪ ಪುಣ್ಯವೆಲ್ಲ ಬರೆದವರದು, ತನ್ನದು ಬರೀ ಬೆರಳಿನ ಕೆಲಸ ಎಂದು ಬಹಳ ಕಾಲ ನೆಮ್ಮದಿಯಾಗಿದ್ದಳು. ಆ ನೆಮ್ಮದಿ ಕೆಡಿಸಿದವಳು ದಾಂಡೇಲಿಯ ಮಾಲವ್ವ.

ಮಾಲವ್ವ ಮನೆಮನೆಗೆ ಹೋಗಿ ಅಡುಗೆ ಮಾಡುವವಳು. ಐದು ವರ್ಷದ ಹಿಂದೆ ಒಂದು ಮನೆಯಲ್ಲಿ ಬಂಗಾರದ ಸರ ಕಾಣೆಯಾಯಿತು. ಅವಳನ್ನು ಠಾಣೆಗೆ ಕರೆಸಿದ್ದೇ ತಡ, ಪತ್ರಿಕೆ ಹೆಸರು ಹಾಕಿ ‘ಸರಗಳ್ಳಿ’ ಎಂದು ದಪ್ಪಕ್ಷರದಲ್ಲಿ ಬರೆಯಿತು. ಒಂಬತ್ತನೆಯ ದಿನ ಸರ ಆ ಮನೆಯ ಅಕ್ಕಿ ಡಬ್ಬಿಯಲ್ಲೇ ಸಿಕ್ಕಿತು. ಅದಕ್ಕೆ ಮಾತ್ರ ವೆಬ್‌ಸೈಟಿನ ಅದೇ ಪುಟದ ತಳದಲ್ಲಿ ಮೂರೇ ಸಾಲು.

ಈಗ ಅವಳು ಒಂದು ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಹಿಂದೆ ಎರಡು ಕಡೆ ಅವಳ ಹೆಸರನ್ನು ಗೂಗಲಿನಲ್ಲಿ ಹುಡುಕಿ, ಆ ಹಳೆಯ ಸುದ್ದಿ ನೋಡಿಯೇ ಬೇಡವೆಂದಿದ್ದರು.

“ಅಕ್ಕಾರ, ಅದನ್ನ ಅಳಸಿಬಿಡ್ರಿ,” ಎಂದು ಕಚೇರಿಗೆ ಬಂದು ನೀಲಾಳಿಗೆ ಕೈಮುಗಿದಳು.

ಹಳೆಯ ಸುದ್ದಿ ಅಳಿಸಲು ಮಾಲೀಕರು ಒಪ್ಪಲಿಲ್ಲ. ಗೂಗಲಿನಲ್ಲಿ ಕಾಣದಂತೆ ಬೇಕಾದರೆ ಮಾಡು ಎಂದರು. ನೀಲಾ ಪುಟದೊಳಗೆ ‘ಇದನ್ನು ಹುಡುಕಾಟದ ಪಟ್ಟಿಯಲ್ಲಿ ತೋರಿಸಬೇಡಿ’ ಎಂಬ ಸೂಚನೆ ಸೇರಿಸಿದಳು. ಸಾಲದ್ದಕ್ಕೆ, ಗೂಗಲ್ ಆ ಪುಟದ ಹತ್ತಿರವೇ ಸುಳಿಯದಂತೆ ಬಾಗಿಲನ್ನೂ ಹಾಕಿದಳು. ಅತಿ ಕಾಳಜಿ!

ಮೂರು ವಾರ ಕಳೆದರೂ ಮಾಲವ್ವನ ಹೆಸರಿಗೆ ಅದೇ ತಲೆಬರಹ ಬರುತ್ತಿತ್ತು. ಸಂದರ್ಶನಕ್ಕೆ ಇನ್ನು ಹತ್ತೇ ದಿನ. ಒಂದು ಮಧ್ಯಾಹ್ನ ಊಟ ಬಿಟ್ಟು ಕೂತ ನೀಲಾಳಿಗೆ ತಪ್ಪು ಹೊಳೆಯಿತು. ಬಾಗಿಲು ಹಾಕಿದ ಮೇಲೆ ಒಳಗಿನ ಸೂಚನೆಯನ್ನು ಗೂಗಲ್ ಓದುವುದಾದರೂ ಹೇಗೆ? ಹಿಂದೆ ಓದಿದ್ದನ್ನೇ ಅದು ತೋರಿಸುತ್ತ ಕೂತಿತ್ತು. ಕಾಪಾಡಲು ಹೋಗಿ ಆ ಕೆಟ್ಟ ಹೆಸರಿಗೇ ಕಾವಲು ಕೂತೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಬಾಗಿಲು ತೆಗೆದಳು. ಎಂಟನೆಯ ದಿನ ತಲೆಬರಹ ಮಾಯವಾಯಿತು.

ಸುದ್ದಿ ತಿಳಿದು ಮಾಲವ್ವ ಬಂದಳು. ತನ್ನ ಹೆಸರು ಹುಡುಕಿದರೂ ಆ ತಲೆಬರಹ ಬಾರದ ಪರದೆಯನ್ನು ನೋಡಿದಳು.

“ಸರ ಸಿಕ್ತು ಅಂತ ಬರದಿದ್ರಲ್ಲ, ಅದೂ ಕಾಣೂದಿಲ್ಲೇನ್ರಿ?”

“ಅದೂ ಅದs ಪುಟದಾಗ ಐತ್ರಿ. ಕಾಣೂದಿಲ್ಲ.”

“ಹಂಗಾರ ಅಷ್ಟು ಕಾಗದದ ಮ್ಯಾಲೆ ತಗದು ಕೊಡ್ರಿ. ಯಾರರ ಕೇಳಿದ್ರ ತೋರಸ್ತೇನಿ.”

ನೀಲಾ ಮೂರು ಸಾಲು ಪ್ರಿಂಟ್ ತೆಗೆದಳು. ಕೊಡುವಾಗ ಹೇಳಿಬಿಟ್ಟಳು. “ಕಳ್ಳಿ ಅಂತ ಟೈಪ್ ಮಾಡಿದಾಕಿ ನಾನs ರೀ, ಮಾಲವ್ವಾರ.”

ಮಾಲವ್ವ ಕಾಗದದ ಮೇಲೆ ಬೆರಳಿಟ್ಟಳು. “ಈ ಮೂರು ಸಾಲು?”

“ಅವೂ ನಾನs.”

“ಹಂಗಾರ ಕೆಳಗ ನಿಮ್ಮ ಸಹಿ ಹಾಕ್ರಿ.”

ಹನ್ನೊಂದು ವರ್ಷದಲ್ಲಿ ತಾನು ಟೈಪ್ ಮಾಡಿದ ಸುದ್ದಿಯೊಂದರ ಕೆಳಗೆ ನೀಲಾ ತನ್ನ ಹೆಸರು ಬರೆದದ್ದು ಅದೇ ಮೊದಲು. 

ಹಾಸ್ಟೆಲಿನವರು ಆ ಕಾಗದವನ್ನು ಕೇಳಲೇ ಇಲ್ಲ. ಕೆಲಸ ಸಿಕ್ಕಿತು. ಮಾಲವ್ವ ಈಗಲೂ ಅದನ್ನು ಚೀಲದಲ್ಲಿಟ್ಟುಕೊಂಡೇ ಅಡುಗೆಗೆ ಹೋಗುತ್ತಾಳೆ.