ಒಣ ಸೌದೆ

ನಮ್ಮ ಮನೆಯ ಕೆಳಗಿನ ಎಸ್ಟೇಟಿನ ಲೈನಿಗೆ, ಅಂದರೆ ಕೂಲಿಯವರಿಗಾಗಿ ಸಾಲಾಗಿ ಕಟ್ಟಿಸಿದ ಕೋಣೆಗಳಿಗೆ, ಅಸ್ಸಾಮಿನ ಗಂಡ ಹೆಂಡತಿ ಬಂದದ್ದು ಮಳೆಗಾಲ ಶುರುವಾಗುವ ಹೊತ್ತಿಗೆ. ಅವರಿಗೆ ಕನ್ನಡ ಬಾರದು, ನಮ್ಮೂರಿನ ಯಾರಿಗೂ ಹಿಂದಿ ಬಾರದು. ಆ ಹುಡುಗಿ ನನ್ನನ್ನು ಕಂಡಾಗಲೆಲ್ಲ ನಗುತ್ತಿದ್ದಳು. ನಾನು ಮೊದಲೇ ಸಿಡುಕಿ, ಬೆಳಗಾಗೆದ್ದು ನಗುವವರನ್ನು ಕಂಡರೆ ನನಗಾಗದು. ಆದರೆ ಅವಳಿಗೆ ತಿರುಗಿ ನಗದೆ ಇರಲು ನನ್ನಿಂದಲೂ ಆಗುತ್ತಿರಲಿಲ್ಲ.

ಆ ಆಗಸ್ಟಿನಲ್ಲಿ ಸಂಸೆಯಿಂದ ಕಳಸಕ್ಕೆ ಹೋಗುವ ರಸ್ತೆಯ ಮೇಲೆ ಗುಡ್ಡ ಜರಿಯಿತು. ಕರೆಂಟು ಹೋಯಿತು, ಫೋನು ಹೋಯಿತು, ಗ್ಯಾಸಿನ ಗಾಡಿ ಬರಲಿಲ್ಲ. ಅದೇ ಹೊತ್ತಿಗೆ ಅವಳಿಗೆ ಜ್ವರ ಹಿಡಿಯಿತು. ಕಂಬಳಿಯಲ್ಲಿ ಕಟ್ಟಿ ಆಸ್ಪತ್ರೆಗೆ ಹೊತ್ತು ಹೊರಟವರು ಕುಸಿದ ಮಣ್ಣಿನಲ್ಲಿ ಸೊಂಟದವರೆಗೆ ಹೂತು, ದಾಟಲಾಗದೆ ವಾಪಸು ಬಂದರು. ನನ್ನಲ್ಲಿದ್ದ ಮಾತ್ರೆ ನುಂಗಿಸಿದೆ, ಗಂಜಿ ಕುಡಿಸಿದೆ. ಬೆಳಗಾಗುವಾಗ ಅವಳು ಸತ್ತಿದ್ದಳು.

ನಮ್ಮ ಕಡೆ ಸಾವಾದರೆ ಪ್ರತಿ ಮನೆಯಿಂದಲೂ ಸೌದೆ ಹೋಗಬೇಕು, ಯಾರೂ ಬಂದು ಕರೆಯಬೇಕಾಗಿಲ್ಲ. ಬದುಕಿರುವಾಗ ಬೇಲಿ ಜಗಳವಾಡಿದವರೂ ಅವತ್ತು ಒಂದು ತುಂಡು ತಂದು ಹಾಕುತ್ತಾರೆ. ಆದರೆ ಆಗಸ್ಟಿನಲ್ಲಿ ಒಣ ಸೌದೆ ಎಂದರೆ ಹುಡುಗಾಟವಲ್ಲ. ಬೇಸಗೆಯಲ್ಲಿ ಒಡೆದು ಒಲೆಯ ಮೇಲಿನ ಅಟ್ಟದಲ್ಲಿ ಪೇರಿಸಿಟ್ಟದ್ದಷ್ಟೇ ಇರುವುದು. ಗ್ಯಾಸು ಮುಗಿದ ಆ ವಾರ ಅದಿಲ್ಲದಿದ್ದರೆ ಅನ್ನವೂ ಇಲ್ಲ. ‘ಎಲ್ಲಿಯವಳೋ ಏನೋ’ ಎಂದು ಯಾರಾದರೂ ಅಂದೇ ಅನ್ನುತ್ತಾರೆ ಎಂದು ನಾನು ಕಾದಿದ್ದೆ, ಬೈಯಲು ಮಾತು ಜೋಡಿಸಿಟ್ಟುಕೊಂಡೂ ಇದ್ದೆ. ಒಬ್ಬರೂ ಅನ್ನಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಕೂಡ ತಮ್ಮ ಪ್ಲಾಸ್ಟಿಕ್ ಕೊಪ್ಪೆಯನ್ನು ಸೌದೆಗೆ ಹೊದಿಸಿ, ತಾವು ನೆನೆದುಕೊಂಡು ಬಂದರು. ನಮ್ಮ ಮನೆಯವರು ಅಟ್ಟದ ಸೌದೆಯಲ್ಲಿ ಅರ್ಧ ಇಳಿಸಿ ನನ್ನ ಮುಖ ನೋಡಿದರು. ಎಲ್ಲ ಇಳಿಸಿ ಎಂದೆ.

ಅವಳ ಗಂಡ ಆಗ ಲೈನಿನ ಹಿಂದೆ ಗುದ್ದಲಿ ಹಿಡಿದು ಅಗೆಯುತ್ತಿದ್ದ. ಕೋಣೆಗೆ ನೀರು ನುಗ್ಗದಂತೆ ಚರಂಡಿ ಬಿಡಿಸುತ್ತಿದ್ದಾನೆ ಎಂದುಕೊಂಡೆವು. ಆ ಮಳೆಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಸಾವಿನ ಮನೆಯವರು ಅವತ್ತು ಕೆಲಸ ಮುಟ್ಟಬಾರದು, ಎಲ್ಲವನ್ನೂ ಊರವರೇ ಮಾಡಬೇಕು. ಕೂಲಿಯವರ ಮೇಸ್ತ್ರಿ ಓಡಿಹೋಗಿ ಗುದ್ದಲಿ ಹಿಡಿದ.

“ಬಿಡು ಮಾರಾಯ, ಇವತ್ತು ನೀನು ಕೆಲ್ಸ ಮುಟ್ಬಾರ್ದು. ನಾವೆಲ್ಲ ಇಲ್ವಾ?”

ಅವನು ಬಿಡಲಿಲ್ಲ, ಜಗ್ಗಾಡಿದ. ಸಂಕಟದಲ್ಲಿ ಹಾಗಾಗುತ್ತದೆ ಎಂದು ಇಬ್ಬರು ತೋಳು ಹಿಡಿದು ತಂದು ಕೂರಿಸಿದರು. ಅವನು ಏನೇನೋ ಹೇಳಿದ, ನೆಲ ತೋರಿಸಿದ, ಅತ್ತ. ನಾನು ಕಾಫಿ ಲೋಟ ಕೈಗಿಟ್ಟೆ. ಅಷ್ಟರಲ್ಲಿ ಲೈನಿನ ತುದಿಯ ಕೋಣೆಯ ಮುದುಕಿ ನಡುಗುತ್ತಾ ಬಂದು, ಸೆರಗಿನಲ್ಲಿ ಸುತ್ತಿ ತಂದ ತುಂಡುಗಳನ್ನು ರಾಶಿಯ ಮೇಲಿಟ್ಟು ಕೈಮುಗಿದಳು. ಅವನು ಅವಳನ್ನೂ ಆ ರಾಶಿಯನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕಾಫಿ ಲೋಟ ಎತ್ತಿ ಕುಡಿದ.

ತಗಡು ಮರೆ ಕಟ್ಟಿ ಸುಟ್ಟೆವು. ಕೊಳ್ಳಿ ಕೈಗೆ ಕೊಟ್ಟು ಹೇಗೆ ಇಡಬೇಕೆಂದು ಮೇಸ್ತ್ರಿ ತೋರಿಸಿದ, ಅವನು ಹಾಗೆಯೇ ಇಟ್ಟ. ಬೂದಿ ಆರಿದ ಮೇಲೆ ಒಂದು ಚೂರೂ ಉಳಿಸದೆ ಬಾಚಿ ಹೊಳೆಗೆ ಬಿಟ್ಟೆವು. ನಮ್ಮವರಿಗೆ ಮಾಡುವುದೂ ಹಾಗೆಯೇ. ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಅಡಿಗೆ ಮಾಡುವಾಗಲೂ ಆ ವಾರ ನನಗೆ ನಮ್ಮೂರಿನ ಮೇಲೆ ಅಭಿಮಾನ ಉಕ್ಕುತ್ತಿತ್ತು.

ಮಣ್ಣು ತೆಗೆದು ರಸ್ತೆ ಬಿಟ್ಟ ಮೇಲೆ ಕಳಸದಿಂದ ಜೀಪು ಬಂತು. ಜೀಪಿನವನು ಅಲ್ಲಿಯ ಸಾಬರ ಹುಡುಗ, ಹಿಂದಿ ಬಲ್ಲವನು. ಊರಿಗೆ ಹೊರಟ ಆ ಹುಡುಗಿಯ ಗಂಡನನ್ನು ಅವನೇ ಮೂಡಿಗೆರೆಯವರೆಗೆ ಕರೆದೊಯ್ದು ಬಸ್ಸು ಹತ್ತಿಸಿದ. ಸಂಜೆ ವಾಪಸು ಬರುವಾಗ ನಮ್ಮ ಜಗಲಿಯಲ್ಲಿ ಬಂದು ಕೂತ. ಕೊಟ್ಟ ಕಾಫಿ ಮುಟ್ಟಲಿಲ್ಲ.

“ಅಕ್ಕ, ಹೇಳ್ಬೇಡ ಅಂತ ಆಣೆ ಹಾಕ್ಸಿದ್ದಾನೆ. ಆದ್ರೆ ನನ್ನ ಹೊಟ್ಟೇಲಿ ನಿಲ್ತಾ ಇಲ್ಲ.”

“ಏನಾಯ್ತು ಮಾರಾಯ?”

“ಅವ್ರಲ್ಲಿ ಸುಡೋದಿಲ್ವಂತೆ. ಹೂಳೋದಂತೆ. ಅವತ್ತು ಅವ್ನು ಅಗೀತಾ ಇದ್ದದ್ದು ಚರಂಡಿ ಅಲ್ಲ.”

ನನಗೆ ಮೊದಲು ಬಂದದ್ದು ಸಿಟ್ಟು. “ಒದ್ದು ಬಿಸಾಡ್ಬಹುದಿತ್ತಲ್ಲ ಸೌದೇನ! ನಾವೇನು ಹುಲಿನಾ?” ಎಂದು ಕೂಗಿದೆ.

“ನಾನೂ ಕೇಳ್ದೆ ಅಕ್ಕ. ಅಷ್ಟು ಜನ ತಮ್ಮನೆ ಒಲೆ ಸೌದೆ ತಂದಿಟ್ರು, ಬೇಡ ಅನ್ನೋದು ಹೆಂಗೆ ಅಂದ. ಗೊತ್ತಾದ್ರೆ ಅವ್ರೆಲ್ಲ ಬೇಜಾರು ಮಾಡ್ಕೊಳ್ತಾರೆ, ಹೇಳ್ಬೇಡ ಅಂದ. ದಾರೀಲಿ ನೆಟ್‌ವರ್ಕ್ ಸಿಕ್ತು. ಹುಡುಗಿ ಅಮ್ಮಂಗೆ ಫೋನ್ ಮಾಡಿ ಸುದ್ದಿ ಹೇಳ್ದ. ಮಗಳನ್ನ ಮಲಗ್ಸಿದ ಜಾಗದ್ದು ಫೋಟೋ ಆದ್ರೂ ಕಳ್ಸು ಅಂತ ಒಂದೇ ಸಮ ಅಳು.”

“ಅವನೇನಂದ?”

“ಇಲ್ಲಿ ಇನ್ನೂ ಮಳೆ ಅಮ್ಮ, ನಿಂತ ಮೇಲೆ ಕಳಿಸ್ತೀನಿ ಅಂದ.”

ಇದನ್ನು ನಾನು ಊರಲ್ಲಿ ಯಾರಿಗೂ ಹೇಳಿಲ್ಲ. ‘ಗುರುತು ಪರಿಚಯ ಇಲ್ದೋಳಿಗೂ ನಾವು ಹೆಂಗೆ ಮಾಡಿದ್ವಿ ನೋಡಿ ಅಮ್ಮ’ ಎಂದು ಮೇಸ್ತ್ರಿ ಈಗಲೂ ಎದೆಯುಬ್ಬಿಸಿ ಹೇಳುತ್ತಾನೆ. ಹೌದು ಮಾರಾಯ ಎನ್ನುತ್ತೇನೆ. ಆ ತಾಯಿ ಫೋಟೋಕ್ಕೆ ಇನ್ನೂ ಕಾಯುತ್ತಿರಬಹುದು.