ಮೂವತ್ತನ್ನು ಇಪ್ಪತ್ತೈದು ಮಾಡಿದ್ದು

ಕೊಳ್ಳೇಗಾಲದಲ್ಲಿ ಸ್ಟುಡಿಯೋ ಇಟ್ಟ ಮೇಲೆ ನಾನು ಯಾರ ಕೆಲಸವನ್ನೂ ಸುಮ್ಮನೆ ಒಪ್ಪಿಕೊಂಡವನಲ್ಲ. ಎಷ್ಟು ಹೊತ್ತಿನ ವಿಡಿಯೊ, ಎಷ್ಟು ಹಾಡು, ಎಷ್ಟು ಸಲ ತಿದ್ದುವುದು, ಎಲ್ಲವನ್ನೂ ಚೌಕಾಸಿ ಮಾಡಿಯೇ ಕ್ಯಾಮೆರಾದ ಕಾರ್ಡು ಮುಟ್ಟುತ್ತಿದ್ದೆ. ಈ ಕಸುಬಿಗೆ ಬರುವವರಿಗೂ ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಹೇಳಬೇಕಾದದ್ದು ಬೇರೆ ಇದೆ. ಮೂಲ ಫೈಲನ್ನು ಅಳಿಸಬೇಡಿ. ನಾನು ಅಳಿಸಿದೆ.

ಯಳಂದೂರಿನಲ್ಲಿ ಒಂದು ನಿಶ್ಚಿತಾರ್ಥ. ನನ್ನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಹಿಡಿಯುತ್ತದೆ, ಮದುವೆ ಗಂಡಿನ ಫೋನು ಮೂವತ್ತು. ಎರಡನ್ನೂ ಒಂದೇ ವಿಡಿಯೊದಲ್ಲಿ ಕೂರಿಸಬೇಕಲ್ಲ. ಮೂವತ್ತನ್ನು ಇಪ್ಪತ್ತೈದಕ್ಕೆ ಇಳಿಸಲು ನಾನು ಅಕ್ಕಪಕ್ಕದ ಚಿತ್ರಗಳನ್ನು ಒಂದರ ಮೇಲೊಂದು ಬೆರೆಸಿಬಿಡುತ್ತಿದ್ದೆ. ಓಡಾಡುವ ಜನ ನುಣ್ಣಗೆ ಕಾಣುತ್ತಾರೆ. ಯಾರೂ ತಕರಾರು ತೆಗೆದಿರಲಿಲ್ಲ; ಇಲ್ಲೂ ಹಾಗೆಯೇ ಮಾಡಿದೆ. ಗಂಡಿನ ಫೋನು ತುಂಬಿಹೋಗಿತ್ತು; ಅದರಲ್ಲಿದ್ದುದನ್ನು ನನ್ನ ಡಿಸ್ಕಿಗೆ ಕಾಪಿ ಮಾಡಿಕೊಂಡಿದ್ದೆ. “ಖಾಲಿ ಮಾಡ್ಕಳಪ್ಪ, ನನ್ ತಾವು ಒಂದ್ ಕಾಪಿ ಅದ,” ಎಂದು ಬುದ್ಧಿ ಹೇಳಿದೆ. ಆಮೇಲೆ ಮುಂದಿನ ಮದುವೆಗೆ ಡಿಸ್ಕಿನಲ್ಲಿ ಜಾಗ ಸಾಲದೆ, ಇಪ್ಪತ್ತೈದಕ್ಕೆ ಇಳಿಸಿದ್ದನ್ನು ಇಟ್ಟುಕೊಂಡು ಮೂಲವನ್ನು ನಾನೂ ಅಳಿಸಿದೆ.

ನಿಶ್ಚಿತಾರ್ಥವಾದ ಎಂಟು ದಿನಕ್ಕೆ ಗಂಡಿನ ಅಣ್ಣ ತೀರಿಕೊಂಡರು. ಅವರು ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ ಟ್ರ್ಯಾಕ್ಟರ್ ಮಗುಚಿತ್ತು.

ಅವರ ಹೆಂಡತಿ ಶಾಗ್ಯದ ತವರಿನಲ್ಲಿ ಬಾಣಂತಿ, ನಿಶ್ಚಿತಾರ್ಥಕ್ಕೆ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋದವರು; ಮಾತು ಉಳಿದಿತ್ತು, ಎದುರಿನವರ ತುಟಿ ನೋಡಿ ತಿಳಿಯುತ್ತಿದ್ದರು. ಗಂಡ ಹೆಂಡತಿ ಗುಟ್ಟಿನ ಮಾತನ್ನೆಲ್ಲ ದನಿ ತೆಗೆಯದೆ ಬರೀ ತುಟಿಯಲ್ಲೇ ಆಡಿಕೊಳ್ಳುತ್ತಿದ್ದರಂತೆ. ಅವತ್ತು ಆತ ತಮ್ಮನ ಫೋನಿನ ಮುಂದೆ ನಿಂತು, ಕೂಸಿಗೆ ತಾನು ಆರಿಸಿದ ಹೆಸರನ್ನು ಹಾಗೆಯೇ ಹೇಳಿದ್ದರು. “ವಿಡಿಯೊ ನೋಡುವಾಗ ಅವ್ಳೊಬ್ಳಿಗೇ ಗೊತ್ತಾಗ್ಲಿ ಕಣ್ಲಾ,” ಎಂದು ತಮ್ಮನಿಗೂ ಬಾಯಿ ಬಿಟ್ಟಿರಲಿಲ್ಲ.

ತಿಥಿ ಮುಗಿದ ಮೇಲೆ ಗಂಡು ಇದನ್ನೆಲ್ಲ ಹೇಳಿ ಕರೆದ; ಲ್ಯಾಪ್‌ಟಾಪ್ ಹಿಡಿದು ಶಾಗ್ಯಕ್ಕೆ ಹೋದೆ. ಆಕೆ ಪರದೆಗೆ ಮುಖ ಹತ್ತಿರ ತಂದರು.

“ಬಾಯಿ ಕಲ್ಸೋಗದಲ್ಲ ಸಾ. ಇನ್ನೊಂದ್ ಸಲ ಬುಡಿ.”

ಬಿಟ್ಟೆ. ನಿಧಾನ ಮಾಡಿ ಬಿಟ್ಟೆ. ಒಂದು ತುಟಿಯ ಮೇಲೆ ಇನ್ನೊಂದು ತುಟಿ, ಮುಚ್ಚಿದ್ದರ ಮೇಲೆ ತೆರೆದದ್ದು.

“ಅಸ್ಲಿದು ತಗೀರಿ,” ಎಂದ ಆಕೆಯ ಮೈದುನ, ಅದೇ ಮದುವೆ ಗಂಡು.

“ಇಲ್ಲ ಕಣಪ್ಪ.”

“ನಿಮ್ ತಾವು ಅದ ಅಂದ್ರಲ್ಲ. ಅದ್ಕೇ ಅಲ್ವಾ ನಾನ್ ಅಳ್ಸಿದ್ದು.”

ಆಕೆಯ ತಾಯಿ ಬಾಗಿಲಲ್ಲಿ ನಿಂತಿದ್ದರು. “ಊರೂರ್ ಮದ್ವ ಇಡೀತೀರಿ. ಒಂದ್ ಬಾಯಿ ಇಡ್ಕಳಕಾಗ್ನಿಲ್ವಾ.”

ಎರಡು ದಿನ ಕೊಡಿ ಎಂದು ಕೇಳಿಕೊಂಡು ಬಂದೆ. ಅಳಿಸಿದ ಜಾಗದಲ್ಲಿ ಆಗಲೇ ಬೇರೆ ಮದುವೆ ಕೂತಿತ್ತು. ಫೋನಿನಲ್ಲೂ ಏನೂ ಸಿಗಲಿಲ್ಲ. ಇಳಿಸಿದ್ದರಲ್ಲಿ, ಮೂವತ್ತಕ್ಕೂ ಇಪ್ಪತ್ತೈದಕ್ಕೂ ತಾಳೆ ಬೀಳುವ ಪ್ರತಿ ಐದನೆಯ ಚಿತ್ರ ಮಾತ್ರ ಬೆರಕೆಯಾಗದೆ ಉಳಿದಿತ್ತು. ಅವನ್ನಷ್ಟೇ ಹೆಕ್ಕಿ ಜೋಡಿಸಿದೆ. ಸೆಕೆಂಡಿಗೆ ಐದು ಚಿತ್ರ.

ಮತ್ತೆ ಹೋದೆ. ಮುಖ ಈಗ ಚೊಕ್ಕವಾಗಿತ್ತು. ಆಕೆ ಪರದೆಯನ್ನು ನೋಡುತ್ತ ತಮ್ಮ ತುಟಿಯನ್ನೂ ಹಾಗೆಯೇ ಮಾಡಿ ನೋಡಿದರು. ಐದಾರು ಸಲ ಮಾಡಿದರು.

“ಮೊದ್ಲು ಬಾಯಿ ಮುಚ್ತಾರ. ಕೊನಗ ತೆರೀತಾರ. ಮಧ್ಯದ್ದೆಲ್ಲ ಇಲ್ಲ.”

ಮೈದುನ ಆಕೆಯ ಎದುರಿಗೆ ಬಂದು, ಬಿಡಿಸಿ ಬಿಡಿಸಿ ಹೇಳಿದ: “ನೀವೇ ಒಂದ್ ಎಸ್ರು ಇಕ್ಬುಡಿ ಅತ್ಗ.”

“ಅವ್ರು ಆಗ್ಲೇ ಇಕ್ಬುಟ್ಟವ್ರಲ್ವಾ,” ಎಂದು ಆಕೆ ಕೂಸನ್ನು ಎತ್ತಿಕೊಂಡು ಒಳಕ್ಕೆ ಹೋದರು.